ನೂರ ಎಪ್ಪತ್ತಾರನೇ ಪುಟದ ಆಚೆ

ಮೊದಲು ಅಂಟಿನ ವಿಷಯ. ಮೈದಾಹಿಟ್ಟನ್ನು ಗಂಟಿಲ್ಲದಂತೆ ನೀರಲ್ಲಿ ಕಲಸಿ, ಸಣ್ಣ ಉರಿಯಲ್ಲಿ ಕಾಯಿಸಿ, ಇಳಿಸುವ ಮುಂಚೆ ಒಂದು ಚಿಟಿಕೆ ಮೈಲುತುತ್ತ ಹಾಕಬೇಕು. ಹಾಕದಿದ್ದರೆ ಜಿರಲೆ ಬಂದು ಪುಸ್ತಕದ ಬೆನ್ನು ತಿನ್ನುತ್ತದೆ. ಜಾಸ್ತಿ ಹಾಕಿದರೆ ನೀಲಿ ಕಲೆ ಬೀಳುತ್ತದೆ. ಅಂಟು ಮುಟ್ಟಿದ ಕೈಯಲ್ಲಿ ತಿಂಡಿ ತಿನ್ನಬೇಡಿ, ಅದು ವಿಷ.

ಹನುಮಂತನಗರದಲ್ಲಿ ಬಾಡಿಗೆಗೆ ಪುಸ್ತಕ ಕೊಡುವ ಮಳಿಗೆ ತೆರೆಯಲು ಹೊರಟಿರುವ ಅಣ್ಣ ತಂಗಿ ನೀವಿಬ್ಬರು ಮೊನ್ನೆ ಬಂದು, ಈ ಕೆಲಸ ನಿಜವಾಗಿ ಹೇಗಿರುತ್ತದೆ ಎಂದು ಬರೆದುಕೊಡಿ ಎಂದು ನೋಟ್‌ಬುಕ್ಕು ಇಟ್ಟು ಹೋದಿರಿ. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಬೇರೆಯವರು ಬರೆದದ್ದನ್ನು ಹೊಲಿದು ಅಭ್ಯಾಸವೇ ಹೊರತು ಬರೆದು ಅಭ್ಯಾಸವಿಲ್ಲ. ಅಂಟಿನ ವಿಷಯವನ್ನು ಮೊದಲು ಬರೆದದ್ದು ಅದು ಸುಲಭ ಎಂದು. ಕಷ್ಟದ ವಿಷಯ ಒಂದಿದೆ. ನಾನು ಎರಡು ಪುಸ್ತಕಗಳನ್ನು ತಪ್ಪಾಗಿ ಹೊಲಿದೆ. ತಪ್ಪು ಎಂದು ತಿಳಿದ ಮೇಲೂ ಬಿಚ್ಚಲಿಲ್ಲ. ಅದರಲ್ಲಿ ಒಂದನ್ನು ಬೇಕೆಂದೇ ಒಬ್ಬ ಹುಡುಗಿಯ ಕೈಗೆ ಕೊಟ್ಟೆ. ಅವಳು ಆಗ ಒಂದು ಮದುವೆಗೆ ಹೂಂ ಅನ್ನಬೇಕೋ ಬೇಡವೋ ಎಂದು ಯೋಚಿಸುತ್ತಿದ್ದಳು. ಹನ್ನೆರಡು ವರ್ಷ ಆ ಭಾರ ಹೊತ್ತುಕೊಂಡು ಓಡಾಡಿದೆ. ಅದನ್ನೂ ಬರೆಯುತ್ತೇನೆ. ನಗು ಬಂದರೆ ನಗಿ. ಆ ಕೆಲಸದಲ್ಲಿ ನಮಗೆ ನಗುವೇ ಜಾಸ್ತಿ ಸಿಕ್ಕಿದ್ದು.

ನಮ್ಮ ಸರ್ಕ್ಯುಲೇಟಿಂಗ್ ಲೈಬ್ರರಿ ಇದ್ದದ್ದು ಚಾಮರಾಜಪೇಟೆಯಲ್ಲಿ, ಒಂದು ಹಳೆಯ ಮನೆಯ ಮುಂದಿನ ಕೋಣೆಯಲ್ಲಿ. ರಸ್ತೆಯಿಂದ ಐದು ಮೆಟ್ಟಿಲು. ಮಾಲೀಕರು ಶಾಮಣ್ಣನವರು. ಬಿಳಿ ಪಂಚೆ, ಮೊಣಕೈವರೆಗೆ ತೋಳು ಮಡಚಿದ ಅಂಗಿ, ಮೂಗಿನ ತುದಿಯಲ್ಲಿ ಕನ್ನಡಕ. ಅವರು ಪುಸ್ತಕ ಕೊಳ್ಳುವವರು, ನಾನು ಉಳಿದದ್ದೆಲ್ಲ. ಬೆಳಿಗ್ಗೆ ಗುಡಿಸುವುದು, ಕಾರ್ಡು ಬರೆಯುವುದು, ಪುಸ್ತಕ ಹುಡುಕಿ ಕೊಡುವುದು, ಮಧ್ಯಾಹ್ನ ಜನ ಇಲ್ಲದ ಹೊತ್ತಿನಲ್ಲಿ ಹರಿದದ್ದನ್ನು ಬೈಂಡ್ ಮಾಡುವುದು. ಕೂತು ಹೊಲಿಯುವ ಜಾಗ ಕಿಟಕಿಯ ಪಕ್ಕ. ಒತ್ತಡಕ್ಕೆ ತರಗುಪೇಟೆಯಿಂದ ತಂದ ಹಳೆಯ ತೂಕದ ಕಲ್ಲುಗಳು.

ಓದುಗರು ಪುಸ್ತಕದ ಹೆಸರು ಹೇಳಿ ಕೇಳುತ್ತಾರೆ ಎಂದು ಭಾವಿಸಬೇಡಿ. ಆ ಕೆಂಪು ಕಾರು ಇರೋದು ಕೊಡಿ, ಹಸಿರು ಸೀರೆಯೋಳು ಕಿಟಕೀಲಿ ನಿಂತಿರೋದು ಕೊಡಿ ಎಂದು ರಟ್ಟಿನ ಚಿತ್ರ ಹೇಳಿ ಕೇಳುತ್ತಾರೆ. ಆದ್ದರಿಂದ ಬೈಂಡ್ ಮಾಡುವಾಗ ಮೇಲಿನ ಚಿತ್ರವನ್ನು ಕೆಡಿಸಬೇಡಿ. ಹಾಳೆ ಹೋದರೂ ಚಿತ್ರ ಉಳಿಯಬೇಕು.

ಇನ್ನೊಂದು, ಗುರುತು. ಒಂದೇ ಥರದ ನೂರು ಕಾದಂಬರಿ ಓದಿದವರಿಗೆ ಯಾವುದು ಓದಿದ್ದು ಯಾವುದು ಓದದ್ದು ಎಂದು ಹೇಗೆ ಗೊತ್ತಾಗಬೇಕು? ಅದಕ್ಕೆ ಪ್ರತಿಯೊಬ್ಬರೂ ಮೂವತ್ತೆರಡನೇ ಪುಟದ ಮೂಲೆಯಲ್ಲಿ ಪೆನ್ಸಿಲಿನಿಂದ ತಮ್ಮದೇ ಒಂದು ಗುರುತು ಹಾಕುತ್ತಿದ್ದರು. ಪುಸ್ತಕ ಕೈಗೆ ಬಂದ ಕೂಡಲೇ ಆ ಪುಟ ತೆಗೆದು ನೋಡುವುದು, ಗುರುತು ಇದ್ದರೆ ವಾಪಸು ಕೊಡುವುದು. ಯಾರೂ ಹೇಳಿಕೊಟ್ಟದ್ದಲ್ಲ, ನಮ್ಮ ಬೀದಿಯ ಪದ್ಧತಿ. ಒಬ್ಬರದು ಪುಟ್ಟ ದೀಪ, ಒಬ್ಬರದು ಸೊನ್ನೆಯೊಳಗೆ ಸೊನ್ನೆ. ಹೆಂಡತಿಗೆ ಎಂದು ಹೇಳಿ ಪುಸ್ತಕ ಒಯ್ಯುತ್ತಿದ್ದ ಬ್ಯಾಂಕಿನ ಗುಮಾಸ್ತರೊಬ್ಬರದು ಮೀಸೆ. ಹೆಂಡತಿಯ ಗುರುತು ಮೀಸೆ ಯಾಕೆ ಎಂದು ಶಾಮಣ್ಣನವರು ಒಂದು ದಿನ ಗಂಭೀರವಾಗಿ ಕೇಳಿದ್ದಕ್ಕೆ ಆ ಮಹಾನುಭಾವರು ಒಂದು ವಾರ ನಮ್ಮ ಕಡೆ ಸುಳಿಯಲಿಲ್ಲ. ಆಮೇಲೆ ಬಂದು ತಲೆ ತಗ್ಗಿಸಿಕೊಂಡು ಕೆಂಪು ಕಾರೇ ಕೇಳಿದರು.

ನಾಲ್ಕು ಚುಕ್ಕಿ ಕಮಲಮ್ಮನವರದು. ರಂಗೋಲಿ ಹಾಕಲು ಶುರು ಮಾಡಿದ ಹಾಗೆ, ಎರಡರ ಕೆಳಗೆ ಎರಡು. ಅವರ ಮನೆ ನಮ್ಮ ಹಿಂದಿನ ಅಡ್ಡರಸ್ತೆಯಲ್ಲಿ. ಗಂಡ ತೀರಿಕೊಂಡಿದ್ದರು. ಕೆಲಸಕ್ಕೆ ಹೋಗುವ ಮಗ, ಟೈಪಿಸ್ಟ್ ಮಗಳು ಗಿರಿಜಾ. ಕಮಲಮ್ಮನವರು ವಾರಕ್ಕೆ ಮೂರು ಸಲ ಚೀಲ ಹಿಡಿದು ಬರುವವರು, ಮೆಟ್ಟಿಲ ಮೇಲಿಂದಲೇ ಕೇಳುವವರು.

"ರಂಗಪ್ಪನೋರೆ, ಚೆನ್ನಾಗಿ ಬೈಯೋ ಹೀರೋ ಇರೋದು ಒಂದು ಕೊಡಿ."

ಅಂಥ ಕಾದಂಬರಿಗಳು ನಮ್ಮಲ್ಲಿ ಎರಡು ಕಪಾಟು ತುಂಬ ಇದ್ದವು. ಬರೆದದ್ದು ಎಪ್ಪತ್ತರ ದಶಕದಲ್ಲಿ, ಓದುತ್ತಿದ್ದದ್ದು ತೊಂಬತ್ತರ ದಶಕದಲ್ಲಿ. ನಾಯಕ ಯಾವಾಗಲೂ ಮ್ಯಾನೇಜಿಂಗ್ ಡೈರೆಕ್ಟರು. ಪೈಪು ಸೇದುತ್ತಾನೆ, ಬೊಂಬಾಯಿಗೆ ಟ್ರಂಕ್ ಕಾಲ್ ಮಾಡುತ್ತಾನೆ. ನಾಯಕಿ ಟೈಪಿಸ್ಟು, ಮೂರರಲ್ಲಿ ಒಬ್ಬಳ ಹೆಸರು ಸುಧಾ. ಮೊದಲ ಪುಟದಲ್ಲಿ ಟೈಪ್ ತಪ್ಪಿತೆಂದು ಫೈಲು ಎಸೆಯುತ್ತಾನೆ, ಐವತ್ತನೇ ಪುಟದಲ್ಲಿ ಮಳೆಯಲ್ಲಿ ಕಾರಿನಿಂದ ಇಳಿಸುತ್ತಾನೆ, ನೂರನೇ ಪುಟದಲ್ಲಿ ಕೈ ತಿರುಚುತ್ತಾನೆ. ಇನ್ನೂರಕ್ಕೆ ಸರಿಯಾಗಿ ಇದೆಲ್ಲ ಪ್ರೀತಿ ಎಂದು ತಿಳಿಯುತ್ತದೆ.

ಇಂಥದ್ದರಲ್ಲಿ ಏನು ಚೆಂದ ಅಮ್ಮ ಎಂದು ಒಮ್ಮೆ ಕಮಲಮ್ಮನವರನ್ನು ಕೇಳಿದೆ. "ಇವರು ಇನ್ನೂರನೇ ಪುಟಕ್ಕಾದ್ರೂ ಸುಮ್ಮನಾಗ್ತಾರಲ್ಲ, ಅದೇ ಚೆಂದ" ಎಂದರು. ಕೌಂಟರಿನ ಮುಂದೆ ನಿಂತಿದ್ದ ನಾಲ್ಕು ಜನ ಹೆಂಗಸರೂ ನಕ್ಕರು. ನಾನೂ ನಕ್ಕೆ. ಆ ಮಾತನ್ನು ಅವತ್ತು ತಮಾಷೆ ಎಂದೇ ತೆಗೆದುಕೊಂಡೆ.

ಓದುಗರು ಬಾಯಲ್ಲಿ ಹೇಳುವುದು ಒಂದು, ಪುಟದ ಅಂಚಿನಲ್ಲಿ ಬರೆಯುವುದು ಇನ್ನೊಂದು. ಇದನ್ನು ಈ ಕೆಲಸಕ್ಕೆ ಬರುವವರು ಚೆನ್ನಾಗಿ ತಿಳಿದುಕೊಳ್ಳಬೇಕು. ಬೈಂಡಿಂಗಿಗೆ ಬಂದ ಪುಸ್ತಕದ ಪುಟ ತಿರುವುತ್ತಾ ಹೋದರೆ ಒಂದು ಬೀದಿಯೇ ಮಾತಾಡುವುದು ಕೇಳುತ್ತದೆ. ಹಳೆಯ ಬರಹಗಳು, ಮಸುಕಾದವು, ಕೆಂಪು ಕಾರಿನ ನಾಯಕನನ್ನು ನೋಡಿ ವಿಕ್ರಂ ಎಷ್ಟು ಗಂಭೀರ, ನನಗೂ ಇಂಥವನೇ ಸಿಗಲಿ ಎನ್ನುತ್ತಿದ್ದವು. ಅದರ ಕೆಳಗೆ ಇನ್ನೊಂದು ಕೈ, ಸಿಕ್ಕಿದ ಮೇಲೆ ಹೇಳು. ತೊಂಬತ್ತರ ಹೊತ್ತಿಗೆ ದನಿ ಬದಲಾಯಿತು. ಇವನಿಗೆ ಬುದ್ಧಿ ಹೇಳೋಕೆ ಮನೇಲಿ ಅಮ್ಮ ಇಲ್ವಾ? ಫೈಲು ಎಸೆದರೆ ಆರಿಸಿಕೊಡಬೇಡ ಕಣೆ. ನಮ್ಮ ಸೆಕ್ಷನ್ ಆಫೀಸರ್ ಥರಾನೇ ಇದಾನೆ, ಪೈಪು ಒಂದಿಲ್ಲ. ಎರಡು ಸಾವಿರ ದಾಟಿದ ಮೇಲೆ ಬಂದ ಕಾಲೇಜು ಹುಡುಗಿಯರು ಒಂದೇ ಪದ ಬರೆಯುತ್ತಿದ್ದರು, ಲೂಸು. ಅವರಲ್ಲೊಬ್ಬಳು ಟ್ರಂಕ್ ಕಾಲ್ ಅಂದ್ರೇನು ಅಂಕಲ್ ಎಂದು ಕೇಳಿದಳು. ಹೇಳಿದೆ. ಬುಕ್ ಮಾಡಿ ಗಂಟೆಗಟ್ಟಲೆ ಕಾಯಬೇಕಾದ ದೂರದೂರಿನ ಫೋನು ಎಂದು. ಇಷ್ಟು ಹೊತ್ತು ಕಾಯೋನು ಟೈಪಿಂಗಿಗೆ ಯಾಕೆ ಕಾಯಲ್ಲ ಎಂದಳು.

ಇದನ್ನೆಲ್ಲ ನಾನು ಏನು ಮಾಡುತ್ತಿದ್ದೆ? ಅಳಿಸುತ್ತಿದ್ದೆ. ಪುಸ್ತಕ ಬೈಂಡಾಗಿ ಹೊರಬಂದರೆ ಅಂಗಡಿಯಿಂದ ಈಗ ತಂದ ಹಾಗಿರಬೇಕು ಎನ್ನುವುದು ಶಾಮಣ್ಣನವರ ಕಟ್ಟಪ್ಪಣೆ. ಮೂವತ್ತೆರಡನೇ ಪುಟದ ಗುರುತುಗಳಿಗೆ ಮಾತ್ರ ಮಾಫಿ, ಇಲ್ಲದಿದ್ದರೆ ಓದಿದ್ದನ್ನೇ ಕೊಟ್ಟಿರಿ ಎಂದು ಜಗಳವಾಗುತ್ತದೆ. ಮಿಕ್ಕದ್ದೆಲ್ಲ ರಬ್ಬರಿಗೆ. ಒಂದು ಪುಸ್ತಕಕ್ಕೆ ಅರ್ಧ ಗಂಟೆ ಹಿಡಿಯುತ್ತಿತ್ತು. ಓದಿ, ನಕ್ಕು, ಉಜ್ಜಿ, ಊದಿಬಿಡುವುದು. ಕಿಟಕಿಯ ಕೆಳಗೆ ರಬ್ಬರಿನ ಪುಡಿ ಸಣ್ಣ ಗುಪ್ಪೆಯಾಗಿ ಬೀಳುತ್ತಿತ್ತು. ಒಳ್ಳೆಯ ಕೆಲಸ ಮಾಡುತ್ತಿದ್ದೇನೆ ಎಂದೇ ನನ್ನ ಹೆಮ್ಮೆ.

ಈಗ ತಪ್ಪಿಗೆ ಬರುತ್ತೇನೆ.

ಕಾದಂಬರಿಗಳು ಹದಿನಾರು ಪುಟದ ಮಡಿಕೆಗಳಾಗಿ ಬರುತ್ತವೆ. ಒಂದು ಮಡಿಕೆಗೆ ಒಂದು ಫಾರಂ ಎನ್ನುತ್ತೇವೆ. ಹದಿಮೂರು ಫಾರಂ ಸೇರಿದರೆ ಇನ್ನೂರ ಎಂಟು ಪುಟ, ಒಂದು ಕಾದಂಬರಿ. ಹರಿದ ಪುಸ್ತಕದ ಹಳೆಯ ದಾರ ಕಿತ್ತು, ಫಾರಂಗಳನ್ನು ಬಿಡಿಸಿ, ಮತ್ತೆ ಸಾಲಾಗಿ ಜೋಡಿಸಿ, ದಬ್ಬಳದಲ್ಲಿ ತೂತು ಹಾಕಿ ಹೊಲಿಯಬೇಕು. ಪ್ರತಿ ಫಾರಮ್ಮಿನ ಮೊದಲ ಪುಟದ ಅಡಿಯಲ್ಲಿ ಅದರ ಸಂಖ್ಯೆ ಸಣ್ಣದಾಗಿ ಇರುತ್ತದೆ. ಒಳ್ಳೆಯ ಪ್ರೆಸ್ಸಿನವರು ಪಕ್ಕದಲ್ಲಿ ಪುಸ್ತಕದ ಹೆಸರನ್ನೂ ಹಾಕುತ್ತಾರೆ. ಆ ಪ್ರಕಾಶಕರು ಹಾಕುತ್ತಿರಲಿಲ್ಲ.

ಅದು ರಾಮನವಮಿಯ ಕಾಲ. ಚಾಮರಾಜಪೇಟೆಯವರಿಗೆ ಆ ತಿಂಗಳು ಪೂರ್ತಿ ಸಂಗೀತ, ಪಾನಕ, ಕೋಸಂಬರಿ. ಅವತ್ತು ಸಂಜೆ ನನಗೆ ಇಷ್ಟವಾದ ಪಿಟೀಲು ಕಛೇರಿ. ಬೇಗ ಹೋಗದಿದ್ದರೆ ಪೆಂಡಾಲಿನ ಕಂಬದ ಹಿಂದೆ ಕೂರಬೇಕು. ಕೆಂಪು ಕಾರು, ಹಸಿರು ಸೀರೆ ಎರಡನ್ನೂ ಒಟ್ಟಿಗೆ ಬಿಚ್ಚಿ ಹರಡಿಕೊಂಡಿದ್ದೆ. ಎರಡೂ ಒಂದೇ ಪ್ರಕಾಶಕರವು, ಒಂದೇ ಅಕ್ಷರ, ಒಂದೇ ಅಳತೆ, ಎರಡಕ್ಕೂ ಹದಿಮೂರು ಫಾರಂ. ಎರಡರಲ್ಲೂ ನಾಯಕಿ ಸುಧಾ. ಸಂಖ್ಯೆ ನೋಡಿ ಜೋಡಿಸಿದೆ, ಹೊಲಿದೆ, ಅಂಟು ಹಾಕಿ ಕಲ್ಲಿನ ಕೆಳಗಿಟ್ಟೆ. ಪೆನ್ಸಿಲ್ ಬರಹ ಅಳಿಸಲು ಪುರಸೊತ್ತಿರಲಿಲ್ಲ. ನಾಳೆ ನೋಡೋಣ ಎಂದು ಪೆಂಡಾಲಿಗೆ ಓಡಿದೆ. ಮುಂದಿನ ಸಾಲಿನಲ್ಲೇ ಜಾಗ ಸಿಕ್ಕಿತು. ನಾಳೆ ನೋಡಲಿಲ್ಲ.

ಕೊನೆಯ ಎರಡು ಫಾರಂ ಅದಲು ಬದಲಾಗಿದ್ದವು.

ಹತ್ತು ದಿನದ ಮೇಲೆ ಲಲಿತಮ್ಮನವರು ಬಂದರು. ಬಸವನಗುಡಿಯ ಶಾಲೆಯೊಂದರಲ್ಲಿ ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತರಾದವರು. ಹಸಿರು ಸೀರೆಯನ್ನು ಕೌಂಟರಿನ ಮೇಲೆ ಇಟ್ಟರು. ಎಸೆದರು ಎಂದು ಬರೆಯಬೇಕು, ಆದರೆ ಅವರು ಏನನ್ನೂ ಎಸೆಯುವವರಲ್ಲ. ಬಲವಾಗಿ ಇಟ್ಟರು. ಆ ಕಾದಂಬರಿಯಲ್ಲಿ ನಾಯಕ ಮಾಧವ, ಲೆಕ್ಕ ಬರೆಯುವವನು, ಸಾಧು. ನೂರ ಎಪ್ಪತ್ತು ಪುಟ ಅವಳ ಹಿಂದೆ ಛತ್ರಿ ಹಿಡಿದು ನಡೆದು ಕೊನೆಗೂ ಅವಳನ್ನು ಮದುವೆಯಾಗುತ್ತಾನೆ.

"ರಂಗಪ್ಪ, ನನಗೆ ಒಂದು ಹೇಳಿ. ಮದುವೆ ಆಗಿ ಹದಿನೈದು ದಿನ. ಸಂಜೆ ಆಫೀಸಿನಿಂದ ಅವಳು ಹೊರಗೆ ಹೋಗಲಾರದೆ ತಿರುಗಿ ಬಂದು ವಿಕ್ರಮನ ಕಾಲ ಬಳಿ ಕುಸಿದಳು ಅಂತ ಇದೆ. ಯಾರ್ರೀ ಇವನು ವಿಕ್ರಂ?"

ಶಾಮಣ್ಣನವರು ಕನ್ನಡಕ ಏರಿಸಿ ನೋಡಿದರು. ಲಲಿತಮ್ಮನವರ ಸಿಟ್ಟು ನಿಂತಿರಲಿಲ್ಲ. ಆ ಪಾಪದ ಮಾಧವ ಆಮೇಲೆ ಎಲ್ಲಿ ಹೋದ, ಊಟ ಮಾಡಿದನೋ ಇಲ್ಲವೋ ಒಂದು ಸಾಲು ಬೇಡವೇ ಎಂದು ಕೇಳಿದರು. ಅವರಿಗೆ ರಾತ್ರಿ ನಿದ್ದೆ ಬಂದಿರಲಿಲ್ಲವಂತೆ. ನನಗೆ ಆ ಕ್ಷಣವೇ ಹೊಳೆಯಿತು. ಹಸಿರು ಸೀರೆಯನ್ನು ಒಳಗಿಟ್ಟು, ಕೆಂಪು ಕಾರು ವಾಪಸು ಬಂದ ಕೂಡಲೇ ಎರಡನ್ನೂ ಬಿಚ್ಚಿ ಸರಿಮಾಡು ಎಂದು ಶಾಮಣ್ಣನವರು ಹೇಳಿದರು. ಬೈಯಲಿಲ್ಲ. ಅವರು ಬೈಯುತ್ತಿರಲೇ ಇಲ್ಲ. ಒಂದು ಸಲ ನಿಟ್ಟುಸಿರು ಬಿಡುತ್ತಿದ್ದರು, ಅದು ಸಾಕಾಗುತ್ತಿತ್ತು.

ಕೆಂಪು ಕಾರು ವಾಪಸು ಬಂತು. ತಂದ ಹೆಂಗಸು ಕಾಟನ್‌ಪೇಟೆಯ ಒಂದು ಸಗಟು ಅಂಗಡಿಯಲ್ಲಿ ಬಿಲ್ಲು ಬರೆಯುವವರು. ಮುಖದ ತುಂಬ ನಗು. ಇಷ್ಟು ವರ್ಷದಲ್ಲಿ ಮೊದಲ ಸಲ ಒಬ್ಬಳಿಗೆ ಬುದ್ಧಿ ಬಂತು ನೋಡಿ ಎಂದರು. ನಾನು ಒಳಗೆ ಹೋಗಿ ಹೊಲಿಗೆಯ ಜಾಗದಲ್ಲಿ ಪುಟ ತೆಗೆದೆ. ಎಡಗಡೆ ನೂರ ಎಪ್ಪತ್ತಾರು. ವಿಕ್ರಂ ರಾಜೀನಾಮೆ ಪತ್ರ ಹರಿದುಹಾಕಿ, ಅವಳ ಕೈ ತಿರುಚಿ, ನನ್ನನ್ನು ಬಿಟ್ಟು ಎಲ್ಲಿಗೆ ಹೋಗ್ತೀಯ ಎಂದು ಗುಡುಗುತ್ತಾನೆ. ಪುಟದ ಕೊನೆಯ ಸಾಲು, ಸುಧಾ ಕೈ ಕೊಸರಿಕೊಂಡು ಬಾಗಿಲು ತೆಗೆದು. ಬಲಗಡೆ ನೂರ ಎಪ್ಪತ್ತೇಳು. ಒಳಗೆ ಬಂದಾಗ ಮಾಧವ ಕಾಫಿ ಸೋಸುತ್ತಿದ್ದ.

ಅಷ್ಟೇ. ಅಲ್ಲಿಂದ ಮುಂದೆ ಮೂವತ್ತೆರಡು ಪುಟ ಸುಧಾ ನಗುತ್ತಾಳೆ, ಅತ್ತೆಗೆ ಕನ್ನಡಕ ಕೊಡಿಸುತ್ತಾಳೆ, ಮಾಧವ ಛತ್ರಿ ಮರೆತು ಬರುತ್ತಾನೆ. ವಿಕ್ರಮನ ಸುದ್ದಿಯೇ ಇಲ್ಲ. ನಾನು ಒಬ್ಬನೇ ಕೂತು ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆ. ದಬ್ಬಳ ಕೈಗೆ ತೆಗೆದುಕೊಂಡೆ, ಮತ್ತೆ ಇಟ್ಟೆ.

ಆಗಲೇ ಹೊರಗೆ ಇಬ್ಬರು ಕೆಂಪು ಕಾರು ಬಂತಾ ಎಂದು ಕೇಳುತ್ತಿದ್ದರು. ಬಿಲ್ಲು ಬರೆಯುವ ಹೆಂಗಸು ಬೀದಿಯಲ್ಲೆಲ್ಲ ಹೇಳಿಬಿಟ್ಟಿದ್ದರು. ಕೊಟ್ಟುಬಿಟ್ಟೆ. ಅಲ್ಲಿಂದ ಎರಡು ವರ್ಷ ಆ ಪುಸ್ತಕ ಕಪಾಟು ಕಾಣಲಿಲ್ಲ. ಒಬ್ಬರಿಂದ ಒಬ್ಬರಿಗೆ. ಹಿಂದೆ ಓದಿ ಗುರುತು ಹಾಕಿದ್ದವರೂ ಕೇಳಿಕೊಂಡು ಬಂದರು. ಕೊನೆ ಬೇರೆ ಇದೆಯಂತೆ ಹೌದಾ ಎಂದು. ಹೊಸ ಮುದ್ರಣ ಇರಬೇಕು ಎಂದು ಸುಳ್ಳು ಹೇಳಿದೆ. ಮೀಸೆಯ ಗುಮಾಸ್ತರು ಮಾತ್ರ ಬೇಜಾರಾದರು. ವಿಕ್ರಮನಿಗೆ ಒಂದು ಅವಕಾಶ ಕೊಡಬೇಕಿತ್ತು ಎಂದರು. ಪಕ್ಕದಲ್ಲಿದ್ದ ಹೆಂಗಸು, ನೂರ ಎಪ್ಪತ್ತಾರು ಪುಟ ಕೊಟ್ಟಿದಾಳಲ್ರೀ ಎಂದಳು. ಶಾಮಣ್ಣನವರು ಕೇಳಿದಾಗಲೆಲ್ಲ ಪುಸ್ತಕ ಇನ್ನೂ ವಾಪಸು ಬಂದಿಲ್ಲ ಸ್ವಾಮಿ ಎನ್ನುತ್ತಿದ್ದೆ. ನನ್ನನ್ನು ಮನೆಯವನಂತೆ ನೋಡಿಕೊಂಡ ಮನುಷ್ಯನಿಗೆ ಎರಡು ವರ್ಷ ಸುಳ್ಳು ಹೇಳಿದೆ. ಇದು ಮೊದಲನೆಯ ತಪ್ಪೊಪ್ಪಿಗೆ.

ಎರಡನೆಯದು ಗಿರಿಜಾ.

ಗಿರಿಜಾ ಕೆಲಸ ಮಾಡುತ್ತಿದ್ದದ್ದು ತರಗುಪೇಟೆಯ ಒಂದು ಬೇಳೆ ಮಂಡಿಯಲ್ಲಿ. ಸಂಜೆ ಮನೆಗೆ ಹೋಗುವಾಗ ಅಮ್ಮನ ಪುಸ್ತಕ ಬದಲಾಯಿಸಲು ಬರುತ್ತಿದ್ದಳು. ತನಗೆಂದು ಪತ್ತೇದಾರಿ ಮಾತ್ರ ತೆಗೆದುಕೊಳ್ಳುವಳು. ಒಂದು ಸಂಜೆ ನನಗೂ ಒಂದು ಬೈಯೋ ಹೀರೋ ಕೊಡಿ ಎಂದಳು. ನಾಲ್ಕು ತೆಗೆದುಕೊಂಡು ಹೋದಳು. ವಾರದಲ್ಲಿ ಮುಗಿಸಿ ಮತ್ತೆ ನಾಲ್ಕು. ಓದಿದ ಸಂತೋಷ ಮುಖದಲ್ಲಿರಲಿಲ್ಲ. ಪರೀಕ್ಷೆಗೆ ಓದುವವರ ಮುಖ. ಏನಮ್ಮ ವಿಷಯ ಎಂದೆ. ಕೌಂಟರಿನಲ್ಲಿ ಯಾರೂ ಇರಲಿಲ್ಲ. ಹೇಳಿದಳು. ಮಂಡಿಯ ಸಾಹುಕಾರರ ಮಗನೇ ಅಲ್ಲಿ ಅವಳ ಮೇಲಿನವನು. ಟೈಪ್ ತಪ್ಪಾದರೆ ಕಾಗದ ಮುಖದ ಮೇಲೆ ಎಸೆಯುತ್ತಾನೆ. ಹಮಾಲರ ಮುಂದೆ ಕೂಗಾಡುತ್ತಾನೆ. ಮರುದಿನ ಮೇಜಿನ ಮೇಲೆ ಮೈಸೂರುಪಾಕಿನ ಪೊಟ್ಟಣ ಇರುತ್ತದೆ. ಈಗ ಅವರ ಮನೆಯವರು ಬಂದು ಹುಡುಗಿ ಕೇಳಿದ್ದಾರೆ. ವರದಕ್ಷಿಣೆಯ ಮಾತಿಲ್ಲ. ಅಣ್ಣ ಕುಣಿಯುತ್ತಿದ್ದಾನೆ, ಅಮ್ಮ ಇಂಥ ಮನೆ ಮತ್ತೆ ಬರುತ್ತಾ ಎನ್ನುತ್ತಾರೆ.

"ಬೈಯೋರು ಮದುವೆ ಆದ್ಮೇಲೆ ಸರಿಹೋಗ್ತಾರಾ ರಂಗಪ್ಪನೋರೆ?"

"ಪುಸ್ತಕದಲ್ಲಿ ಎಲ್ರೂ ಸರಿಹೋಗ್ತಾರಮ್ಮ."

"ಪುಸ್ತಕದ್ದು ನೋಡಿದೆ. ನಾನು ಕೇಳಿದ್ದು ಅದಲ್ಲ."

ನಾನು ಗಂಡಸು, ಅವಳ ಅಪ್ಪನ ವಯಸ್ಸು. ಬೇಡ ಮಗೂ ಎಂದು ಒಂದು ಮಾತು ಹೇಳಬಹುದಿತ್ತು. ಇನ್ನೊಬ್ಬರ ಮನೆಯ ವಿಷಯ ಎಂದು ಬಾಯಿ ಬರಲಿಲ್ಲ. ಬಾಯಿಗೆ ಬಾರದ್ದನ್ನು ಕೈ ಮಾಡಿತು. ಕೆಂಪು ಕಾರು ಅವತ್ತು ಮಧ್ಯಾಹ್ನ ತಾನೇ ವಾಪಸು ಬಂದಿತ್ತು. ಬೇರೆಯವರಿಗೆ ಎಂದು ತೆಗೆದಿಟ್ಟದ್ದನ್ನು ಅವಳ ಕೈಗೆ ಕೊಟ್ಟೆ. ಅಮ್ಮ ಇದನ್ನು ಎಂದೋ ಓದಿದಾರೆ ಎಂದಳು. ನೀನೂ ಓದು, ಕೊನೆ ನೋಡು ಎಂದೆ. ತಪ್ಪು ಹೊಲಿಗೆಯ ವಿಷಯ ಹೇಳಲಿಲ್ಲ.

ಮೂರನೆಯ ದಿನ ತಂದುಕೊಟ್ಟಳು. ಕಣ್ಣು ಊದಿತ್ತು, ಆದರೆ ಮುಖ ತಿಳಿಯಾಗಿತ್ತು. ಕಾಫಿ ಚೆನ್ನಾಗಿತ್ತು ಎಂದಳು, ಅಷ್ಟೇ ಹೇಳಿ ಮೆಟ್ಟಿಲು ಇಳಿದಳು. ವಾರ ಕಳೆದ ಮೇಲೆ ಬೀದಿಯಲ್ಲಿ ಸುದ್ದಿಯಾಯಿತು. ಗಿರಿಜಾ ಆ ಸಂಬಂಧ ಬೇಡ ಎಂದಳಂತೆ, ಮಂಡಿಯ ಕೆಲಸವನ್ನೂ ಬಿಟ್ಟಳಂತೆ, ಅಣ್ಣ ಮಾತು ಬಿಟ್ಟಿದ್ದಾನಂತೆ. ಕಮಲಮ್ಮನವರು ಲೈಬ್ರರಿಗೆ ಬರುವುದನ್ನು ನಿಲ್ಲಿಸಿದರು. ಒಂದು ದಿನ ತರಕಾರಿ ಗಾಡಿಯ ಹತ್ತಿರ ಎದುರಾದಾಗ ನನ್ನನ್ನು ನೋಡಿ ಮುಖ ತಿರುಗಿಸಿ ಸರಸರ ಹೋಗಿಬಿಟ್ಟರು. ಕೈಯಲ್ಲಿದ್ದ ಹುರಳೀಕಾಯಿಯನ್ನೂ ಗಾಡಿಯಲ್ಲೇ ಬಿಟ್ಟು.

ಅವತ್ತು ನನಗೆ ನಗು ನಿಂತಿತು. ಅವರಿಗೆ ಎಲ್ಲ ಗೊತ್ತಾಗಿದೆ, ನನ್ನ ಸುಳ್ಳು ಪುಸ್ತಕವೇ ಮಗಳನ್ನು ಕೆಡಿಸಿತು ಎಂದು ಶಪಿಸುತ್ತಿದ್ದಾರೆ ಎಂದುಕೊಂಡೆ. ಆ ಹುಡುಗ ಮುಂದೆ ಒಳ್ಳೆಯವನೇ ಆಗುತ್ತಿದ್ದನೋ ಏನೋ. ಬಟ್ಟೆ ಹೊಲಿಯುವವನು ತಪ್ಪು ಮಾಡಿದರೆ ಅಂಗಿ ಬಿಗಿಯಾಗುತ್ತದೆ. ನಾನು ಒಬ್ಬಳ ಬದುಕನ್ನೇ ತಪ್ಪು ಹೊಲಿದುಬಿಟ್ಟೆನೇ? ಆ ವಾರವೇ ಕೆಂಪು ಕಾರು, ಹಸಿರು ಸೀರೆ ಎರಡನ್ನೂ ಕಟ್ಟಿ ಅಟ್ಟದ ಮೇಲಿಟ್ಟೆ. ಬಿಚ್ಚಿ ಸರಿಮಾಡುವುದಕ್ಕೂ ಕೈ ಬರಲಿಲ್ಲ. ಕಮಲಮ್ಮನವರ ಕಾರ್ಡು ಪೆಟ್ಟಿಗೆಯಲ್ಲಿ ಹಾಗೇ ಉಳಿಯಿತು.

ಆಮೇಲಿನದು ಬೇಗ ಹೇಳುತ್ತೇನೆ. ಮನೆಮನೆಗೂ ಕೇಬಲ್ ಬಂತು, ಸಂಜೆ ಧಾರಾವಾಹಿ ಶುರುವಾಯಿತು, ಪುಸ್ತಕ ಒಯ್ಯುವವರು ಕಡಿಮೆಯಾದರು. ಅಲ್ಲೂ ಬೈಯುವ ನಾಯಕನೇ, ಅಂಚಿನಲ್ಲಿ ಬರೆಯಲು ಜಾಗವಿಲ್ಲ ಅಷ್ಟೇ. ದಾರ ಬಿಟ್ಟು ಸ್ಟೇಪ್ಲರ್ ಬಂತು, ಮೈದಾ ಬಿಟ್ಟು ಡಬ್ಬಿಯ ಅಂಟು ಬಂತು. ಶಾಮಣ್ಣನವರ ಕಣ್ಣು ಮಂಜಾಯಿತು. ಅವರ ಮುಂದೆ ಒಂದು ದಿನ ನನ್ನ ಸುಳ್ಳನ್ನು ಒಪ್ಪಿಕೊಂಡೆ. ಗೊತ್ತಿತ್ತು ಬಿಡು ರಂಗಪ್ಪ, ನಾನೂ ಎರಡು ಸಲ ಓದಿದೆ ಎಂದರು. ಆ ಭಾರ ಇಳಿಯಿತು, ದೊಡ್ಡದು ಉಳಿಯಿತು.

ಲೈಬ್ರರಿ ಮುಚ್ಚುವುದೆಂದಾದಾಗ ಪುಸ್ತಕಗಳನ್ನು ನೆಲದ ಮೇಲೆ ಗುಡ್ಡೆ ಹಾಕಿ, ಬೇಕಾದವರು ಒಯ್ಯಿರಿ ಎಂದು ಬಾಗಿಲಿಗೆ ಬರೆದು ಹಾಕಿದೆವು. ಎರಡನೆಯ ದಿನ ಬೆಳಿಗ್ಗೆ ಒಬ್ಬ ಹೆಂಗಸು ಮೆಟ್ಟಿಲು ಹತ್ತಿ ಬಂದು ಗುಡ್ಡೆಯ ಕಡೆ ನೋಡದೆ ನೇರ ನನ್ನ ಹತ್ತಿರ ನಿಂತಳು.

"ಕೆಂಪು ಕಾರು ಇದೆಯಾ ರಂಗಪ್ಪನೋರೆ?"

ದನಿಯಿಂದ ಗುರುತು ಹತ್ತಿತು. ಗಿರಿಜಾ. ಕೂದಲಲ್ಲಿ ಎರಡು ಬಿಳಿ ಎಳೆ. ಹನುಮಂತನಗರದಲ್ಲಿ ಈಗ ತನ್ನದೇ ಡಿ.ಟಿ.ಪಿ. ಅಂಗಡಿ, ಇಬ್ಬರು ಹುಡುಗಿಯರು ಕೆಲಸಕ್ಕಿದ್ದಾರೆ ಎಂದಳು. ನಾನು ಅಟ್ಟ ಹತ್ತಲಿಲ್ಲ. ಮೊದಲು ಹೇಳಬೇಕಾದ್ದು ಹೇಳಿಬಿಡುತ್ತೇನೆ ಕೂತ್ಕೋ ಎಂದು ಸ್ಟೂಲು ಕೊಟ್ಟು, ಪಿಟೀಲು ಕಛೇರಿಯಿಂದ ಹಿಡಿದು ಎಲ್ಲ ಹೇಳಿದೆ. ಆ ಕೊನೆ ಆ ಕಥೆಯದ್ದಲ್ಲ, ನನಗೆ ಗೊತ್ತಿದ್ದೂ ಕೊಟ್ಟೆ, ತಪ್ಪಾಯಿತು ಎಂದೆ. ಕೈ ಮುಗಿದೆ ಕೂಡ.

ಅವಳು ನಗಲು ಶುರು ಮಾಡಿದಳು. ಸ್ಟೂಲು ಅಲುಗಾಡುವಷ್ಟು ನಕ್ಕಳು.

"ದಿನಾ ಕಾಗದ ಜೋಡಿಸೋ ಕೆಲಸ ಮಾಡ್ತಿದ್ದೋಳು ನಾನು. ಪುಟ ತಿರುಗಿಸಿದ ಕೂಡ್ಲೆ ಗೊತ್ತಾಯ್ತು ಬೇರೆ ಪುಸ್ತಕದ್ದು ಸೇರ್ಕೊಂಡಿದೆ ಅಂತ. ಅಷ್ಟೂ ಗೊತ್ತಾಗಲ್ವಾ?"

ಹಾಗಾದರೆ ಯಾಕೆ ಬೇಡ ಎಂದೆಯಮ್ಮ ಎಂದೆ.

"ಪುಸ್ತಕ ತನ್ನಿ, ತೋರಿಸ್ತೀನಿ."

ತಂದೆ. ಧೂಳು ಒರೆಸಿ ನೂರ ಎಪ್ಪತ್ತಾರನೇ ಪುಟ ತೆಗೆದಳು. ಅವತ್ತು ಆತುರದಲ್ಲಿ ನಾನು ಅಳಿಸದೆ ಬಿಟ್ಟ ಪುಟ. ಅಂಚಿನ ತುಂಬ ಏಳೆಂಟು ಕೈಬರಹ. ಎಲ್ಲಕ್ಕಿಂತ ಕೆಳಗೆ, ಹೊಲಿಗೆಯ ಹತ್ತಿರ, ಒತ್ತಿ ಬರೆಯದ ಸಣ್ಣ ಅಕ್ಷರ. ಓಡು ಸುಧಾ. ಇವನು ಬದಲಾಗುವುದಿಲ್ಲ. ನನಗೆ ಗೊತ್ತು. ಅದರ ಪಕ್ಕ, ಎರಡರ ಕೆಳಗೆ ಎರಡು, ನಾಲ್ಕು ಚುಕ್ಕಿ.

ಅಷ್ಟು ಸಲ ಆ ಪುಟ ನೋಡಿದ್ದೆ. ನೋಡಿದ್ದು ನನ್ನ ಹೊಲಿಗೆಯನ್ನು ಮಾತ್ರ.

ಗಿರಿಜಾ ಮೆಲ್ಲಗೆ ಹೇಳಿದಳು. ಅಪ್ಪ ಹೋಗುವವರೆಗೂ ಅಮ್ಮ ಅಪ್ಪನ ವಿಷಯಕ್ಕೆ ಒಂದು ಮಾತು ಆಡಿದವರಲ್ಲ. ಹೋದ ಮೇಲೂ ಆಡಲಿಲ್ಲ. ಅವತ್ತು ರಾತ್ರಿ ಅವಳು ಈ ಪುಟ ತೆಗೆದು ಅಮ್ಮನ ಮುಂದೆ ಇಟ್ಟಳಂತೆ. ಸುಧಾಗೆ ಹೇಳ್ತೀಯ, ನನಗೆ ಯಾಕೆ ಹೇಳಲ್ಲ ಎಂದು ಕೇಳಿದಳಂತೆ. ಬೆಳಿಗ್ಗೆ ಎದ್ದು ಕಮಲಮ್ಮನವರು ತಾವೇ ಹೋಗಿ ಸಂಬಂಧ ಬೇಡ ಎಂದು ಹೇಳಿ ಬಂದರಂತೆ. ಬೀದಿಯ ಸುದ್ದಿಯಲ್ಲಿ ಆ ಭಾಗ ನಮಗೆ ಬಂದಿರಲೇ ಇಲ್ಲ.

ಆಮೇಲೆ ಮದುವೆಯಾಯಿತಾ, ನಿನ್ನವನು ಕಾಫಿ ಸೋಸುತ್ತಾನಾ ಎಂದು ಕೇಳಿದೆ. ಟೀ ಮಾಡ್ತಾರೆ, ಅದೂ ಕೆಟ್ಟದಾಗಿ ಎಂದಳು. ಹೇಳುವಾಗ ಮುಖ ಅರಳಿತ್ತು.

ಹೀಗೆ ನನ್ನ ಹನ್ನೆರಡು ವರ್ಷದ ಪಾಪ ಅರ್ಧ ಗಂಟೆಯಲ್ಲಿ ಕರಗಿತು. ಅದರ ಜಾಗಕ್ಕೆ ಬೇರೊಂದು ಬಂದು ಕೂತಿತು. ಆ ಹೊಲಿಗೆಯಿಂದ ಯಾರಿಗೂ ಕೇಡಾಗಿರಲಿಲ್ಲ. ಆದರೆ ಮೂವತ್ತು ವರ್ಷ, ವಾರಕ್ಕೆ ಏಳೆಂಟು ಪುಸ್ತಕ, ಕಿಟಕಿಯ ಪಕ್ಕ ಕೂತು ಎಷ್ಟು ಕಮಲಮ್ಮಂದಿರ ಮಾತನ್ನು ಉಜ್ಜಿ, ಊದಿಬಿಟ್ಟೆ? ಯಾವ ಮಗಳು ಯಾವ ಪುಟಕ್ಕೆ ಬರುವವಳಿದ್ದಳೋ. ಪಶ್ಚಾತ್ತಾಪ ಪಡಬೇಕಾದ್ದು ಇದಕ್ಕೆ ಎಂದು ಅವತ್ತು ತಿಳಿಯಿತು. ಹೊಸ ಮಳಿಗೆಯಲ್ಲಿ ನೀವು ಬೇಕಾದ ಯಂತ್ರ ಇಟ್ಟುಕೊಳ್ಳಿ, ಬೇಕಾದ ಅಂಟು ಹಾಕಿ. ರಬ್ಬರ್ ಮಾತ್ರ ಇಟ್ಟುಕೊಳ್ಳಬೇಡಿ.

ಅಮ್ಮ ಕೆಳಗೆ ಆಟೋದಲ್ಲಿದ್ದಾರೆ, ಮಂಡಿನೋವು, ಮೆಟ್ಟಿಲು ಹತ್ತಲಾರರು ಎಂದಳು ಗಿರಿಜಾ. ನಾನೇ ಪುಸ್ತಕ ಹಿಡಿದು ಇಳಿದೆ. ಅದಕ್ಕೂ ಮುಂಚೆ, ಆ ಕೆಲಸಕ್ಕೆ ಸೇರಿದ ಮೇಲೆ ಮೊದಲ ಸಲ, ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ನಾನೂ ಒಂದು ಸಾಲು ಬರೆದೆ. ಇಲ್ಲಿಂದ ಮುಂದೆ ಬೇರೆ ಕಥೆ. ತಪ್ಪಾಗಿ ಹೊಲಿದವನು ನಾನು, ರಂಗಪ್ಪ.

ಕಮಲಮ್ಮನವರು ಆಟೋದಿಂದ ಮುಖ ಹೊರಗೆ ಹಾಕಿದರು. ಈ ಸಲ ತಿರುಗಿಸಲಿಲ್ಲ.

"ನೀವು ಅಳಿಸುವಾಗ ಎಲ್ಲ ಓದ್ತೀರಿ ಅಂತ ಗೊತ್ತ್ರೀ. ನನ್ನ ನಾಲ್ಕು ಚುಕ್ಕೀನೂ ನಿಮಗೆ ಗೊತ್ತು. ಮನೆ ವಿಷಯ ನಿಮ್ಮೆದುರಿಗೆ ಬಿಚ್ಚಿಟ್ಟ ಹಾಗಾಯ್ತು ಅಂತ ನಾಚಿಕೆ, ಅದಕ್ಕೇ ಅವತ್ತು ಹುರಳೀಕಾಯಿ ಬಿಟ್ಟು ಓಡ್ದೆ."

ನಾನು ಅದನ್ನು ಓದಿರಲಿಲ್ಲ ಎಂದೆ. ಅವರು ನಂಬಲಿಲ್ಲ. ಒಂದೇ ಪುಟಕ್ಕೆ ಹೆದರಿ ನಾವಿಬ್ಬರೂ ಹನ್ನೆರಡು ವರ್ಷ ಬೇರೆ ಬೇರೆ ರಸ್ತೆಯಲ್ಲಿ ಓಡಾಡಿದ್ದೆವು. ಪುಸ್ತಕ ತೆಗೆದುಕೊಂಡು ಕಣ್ಣಿಗೆ ಹತ್ತಿರ ಹಿಡಿದು, ಅಭ್ಯಾಸಬಲದಿಂದ ಮೊದಲು ಮೂವತ್ತೆರಡನೇ ಪುಟ ನೋಡಿದರು. ಆಮೇಲೆ ನೂರ ಎಪ್ಪತ್ತಾರು. ನನ್ನ ಸಾಲನ್ನು ತುಟಿ ಅಲುಗಿಸುತ್ತಾ ಓದಿದರು. ನನ್ನ ಕಿವಿಯ ಮೇಲಿದ್ದ ಪೆನ್ಸಿಲಿಗೆ ಕೈ ಚಾಚಿ ತೆಗೆದುಕೊಂಡು, ನನ್ನ ಹೆಸರಿನ ಪಕ್ಕ ನಿಧಾನವಾಗಿ ಎರಡು ಚುಕ್ಕಿ ಇಟ್ಟರು. ಅದರ ಕೆಳಗೆ ಇನ್ನೆರಡು.